ಎರಡು ಕಡೆ ನಿಂತರು

ಟೈಲರ್ ಕಾಕ ಮನುಷ್ಯರ ಮುಖ ನೋಡುತ್ತಿದ್ದದ್ದು ಎಲ್ಲಕ್ಕಿಂತ ಕಡೆಗೆ. ಮೊದಲು ಭುಜ, ಆಮೇಲೆ ಎದೆ, ಆಮೇಲೆ ಸೊಂಟ, ಪುರುಸೊತ್ತು ಉಳಿದರೆ ಮುಖ. ಮಡಂತ್ಯಾರಿನ ಪೇಟೆಯಲ್ಲಿ ಯಾರಾದರೂ ಎದುರಾಗಿ ಮಾತಾಡಿಸಿದರೆ ಅವರ ಕಣ್ಣು ನೇರ ಆ ಮನುಷ್ಯನ ಎಡಭುಜಕ್ಕೆ ಹೋಗುತ್ತಿತ್ತು. "ಓ, ನೀವಾ!" ಎಂದು ಗುರುತು ಹಿಡಿಯುತ್ತಿದ್ದದ್ದು ಭುಜ ನೋಡಿಯೇ. ಒಮ್ಮೆ ನಾನು ಹೊಸ ಕನ್ನಡಕ ಹಾಕಿಕೊಂಡು, ಇಪ್ಪತ್ತು ವರ್ಷದ ಮೀಸೆ ಬೋಳಿಸಿಕೊಂಡು ಅವರ ಅಂಗಡಿಗೆ ಹೋಗಿದ್ದೆ. ಮನೆಯಲ್ಲಿ ಹೆಂಡತಿಯೇ ಒಂದು ಕ್ಷಣ ಯಾರು ಬೇಕಿತ್ತು ಎಂಬಂತೆ ನೋಡಿದ್ದಳು. ಕಾಕ ಮಾತ್ರ, "ಬನ್ನಿ ಮಾಷ್ಟ್ರೇ, ಕೂತುಕೊಳ್ಳಿ" ಎಂದು ಮಷಿನು ತುಳಿಯುತ್ತಲೇ ಇದ್ದರು. ನನ್ನ ಮೀಸೆ ಹೋದ ಸಂಗತಿ ಅವರಿಗೆ ಗೊತ್ತಾದದ್ದು ಮೂರು ದಿನ ಬಿಟ್ಟು, ಅದೂ ಯಾರೋ ಹೇಳಿ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಊಟ ಮಾಡಿ, ಸ್ವಲ್ಪ ಒರಗುತ್ತೇನೆಂದವರು ಏಳಲಿಲ್ಲ. ಪೇಟೆಯಲ್ಲಿ ಈಗ ಒಬ್ಬೊಬ್ಬರು ಅವರ ಬಗ್ಗೆ ಒಂದೊಂದು ಹೇಳುತ್ತಾರೆ, ಅರ್ಧಕ್ಕರ್ಧ ಒಂದಕ್ಕೊಂದು ತಾಳೆಯಾಗುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು. ಮಕ್ಕಳು ಏನು ಹೇಳಿದರೂ "ಆಧಾರ ಎಲ್ಲಿ?" ಎಂದು ಕೇಳಿ ಕೇಳಿ ಅದೇ ನನ್ನ ಅಡ್ಡಹೆಸರಾಗಿಬಿಟ್ಟಿದೆ. ಕಾಕನ ಬಗ್ಗೆ ನಾನಾದರೂ ಆಧಾರ ಇಟ್ಟುಕೊಂಡು ಬರೆಯಬೇಕು ಎಂದು ಬಹಳ ಗತ್ತಿನಿಂದ ಹೊರಟಿದ್ದೆ.

ಅವರು ಕೆಲಸ ಕಲಿತದ್ದು ಮೂಡುಬಿದಿರೆಯಲ್ಲಿ, ಒಬ್ಬ ಕೊಂಕಣಿ ಟೈಲರರ ಕೈಕೆಳಗೆ. ಆ ಗುರು ಮೊದಲ ಒಂದು ವರ್ಷ ಇವರ ಕೈಗೆ ಕತ್ತರಿ ಕೊಡಲೇ ಇಲ್ಲವಂತೆ. ಬಾಗಿಲ ಬಳಿ ಕೂರಿಸಿ, ರಸ್ತೆಯಲ್ಲಿ ಹೋಗುವವರ ಅಳತೆಯನ್ನು ಕಣ್ಣಿನಲ್ಲೇ ಹೇಳಿಸುತ್ತಿದ್ದರಂತೆ. "ನನಗೆ ಮುಖ ನೋಡುವ ಅಭ್ಯಾಸ ತಪ್ಪಿದ್ದು ಅಲ್ಲಿಯೇ" ಎಂದು ಕಾಕ ಹೇಳುತ್ತಿದ್ದರು. ಆಮೇಲೆ ಮಡಂತ್ಯಾರಿಗೆ ಬಂದು ಬಸ್ಸು ನಿಲ್ಲುವ ಜಾಗದ ಎದುರಿನ ಕಟ್ಟಡದಲ್ಲಿ, ಕೆಳಗೆ, ರಸ್ತೆಗೆ ಮುಖ ಮಾಡಿ ಅಂಗಡಿ ಇಟ್ಟರು. ಎಷ್ಟೋ ವರ್ಷ ಕಳೆದ ಮೇಲೆ ಆ ಜಾಗಕ್ಕೆ ಬೇಕರಿ ಬಂತು, ಕಾಕ ಅದೇ ಕಟ್ಟಡದ ಮಾಳಿಗೆಗೆ ಹೋದರು. ಮೇಲೆ ಹೋಗಲು ಹತ್ತೊಂಬತ್ತು ಮೆಟ್ಟಿಲು, ನಡುವಿನ ತಿರುವಿನಲ್ಲಿ ಒಂದು ಸಣ್ಣ ಕಿಟಕಿ. ಬೇಕರಿಯಲ್ಲಿ ಬನ್ನು ಬೇಯುವ ವಾಸನೆಯೂ ಗಿರಾಕಿಗಳ ಜೊತೆಗೇ ಮೆಟ್ಟಿಲು ಹತ್ತಿ ಬರುತ್ತಿತ್ತು.

ಮೇಲೆ ಬಂದವರಿಗೆ ಒಂದು ನಿಯಮವಿತ್ತು. ಬಂದ ಕೂಡಲೇ ಟೇಪು ಹಿಡಿಯುವಂತಿಲ್ಲ. ಮರದ ಬೆಂಚಿನಲ್ಲಿ ಕೂರಬೇಕು, ಸ್ಟೀಲ್ ಗ್ಲಾಸಿನಲ್ಲಿ ನೀರು ಕುಡಿಯಬೇಕು, ಉಸಿರು ಹದಕ್ಕೆ ಬರಬೇಕು. "ಮೆಟ್ಲು ಹತ್ತಿ ಬಂದವನ ಎದೆ ಒಂದು ಇಂಚು ಜಾಸ್ತಿ ತೋರಿಸ್ತದೆ ಮಾರಾಯ್ರೇ. ಆ ಅಳತೆಗೆ ಹೊಲಿದ್ರೆ ಮನೆಗೆ ಹೋಗಿ ಬೇರೆಯವನ ಶರ್ಟು ಅಂತ ವಾಪಸು ತರ್ತಾರೆ." ಎರಡನೆಯ ನಿಯಮ, ಅಳತೆ ಕೊಡುವ ಮೊದಲು ಕಿಸೆ ಪೂರ್ತಿ ಖಾಲಿ ಮಾಡಬೇಕು. ಪೆನ್ನು, ಮೊಬೈಲು, ಬಸ್ ಟಿಕೇಟು, ಬೀಡಿಕಟ್ಟು, ಎಲ್ಲವೂ ಕತ್ತರಿಸುವ ಮೇಜಿನ ಮೇಲೆ ಬರಬೇಕು. ಈ ಎರಡನೆಯ ನಿಯಮದಿಂದ ನನ್ನ ಬಾಳಿನಲ್ಲಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ಅಳತೆ ಬರೆಯುವುದಕ್ಕೆ ಅವರ ಬಳಿ ಉದ್ದನೆಯ ಪುಸ್ತಕಗಳಿದ್ದವು, ಖಾಕಿ ಬಟ್ಟೆಯ ಹೊದಿಕೆ ಅವರೇ ಹೊಲಿದು ಹಾಕಿದ್ದು. ಪ್ರತಿ ಗಿರಾಕಿಗೆ ಒಂದು ಪುಟ. ಅಂಕಿಗಳ ಜೊತೆಗೆ ಒಂದೊಂದು ಷರಾ ಇರುತ್ತಿತ್ತು: "ಎಡಭುಜ ತಗ್ಗು." "ಹೊಟ್ಟೆ ಒಳಗೆ ಎಳೆದು ನಿಂತವರು, ಎರಡು ಇಂಚು ಸೇರಿಸುವುದು." "ಅಳತೆಗಿಂತ ಬಿಗಿ ಬೇಕೆಂದು ಹಟ, ಒಳಗೆ ಬಟ್ಟೆ ಬಿಟ್ಟಿದೆ." ಒಬ್ಬರ ಪುಟವನ್ನು ಇನ್ನೊಬ್ಬರಿಗೆ ತೋರಿಸುತ್ತಿರಲಿಲ್ಲ. ಪೇಟೆಯ ದೊಡ್ಡ ಮನುಷ್ಯರೊಬ್ಬರ ಸೊಂಟ ಎಷ್ಟೆಂದು ತಿಳಿಯಲು ನಾವು ನಾಲ್ಕು ಜನ ಮಾಷ್ಟ್ರುಗಳು ಒಂದಿಡೀ ಸಂಜೆ ಚಹಾ ಕುಡಿಸಿ ನೋಡಿದೆವು. ಕಾಕ ನಾಲ್ಕು ಚಹಾ ಕುಡಿದರು, ಬಾಯಿ ಬಿಡಲಿಲ್ಲ.

ಕಾಕನಿಗೆ ಒಂದು ಗಟ್ಟಿ ನಂಬಿಕೆಯಿತ್ತು, ಯಾರಿಗೂ ತಮ್ಮ ಶರೀರ ಹಿಂದೆ ಹೇಗಿತ್ತೆಂದು ನೆನಪಿರುವುದಿಲ್ಲ ಎಂದು. "ಕೇಳಿ ನೋಡಿ, ಎಲ್ರೂ ಹೇಳುವುದು ಅವರವರ ಮದುವೆಯ ಅಳತೆ" ಎನ್ನುತ್ತಿದ್ದರು. ಗಲ್ಫಿನಲ್ಲಿದ್ದ ಅವರ ಸಂಬಂಧಿಕ ಹುಡುಗನೊಬ್ಬ ತಂಗಿಯ ಮದುವೆಗೆ ಪ್ಯಾಂಟು ಹೊಲಿದಿಡಿ, ಸೊಂಟ ಮೂವತ್ತೆರಡು ಎಂದು ಫೋನು ಮಾಡಿದ್ದನಂತೆ. ಕಾಕ ಫೋನಿಟ್ಟು ಮೂವತ್ತಾರಕ್ಕೆ ಕತ್ತರಿಸಿದರು. ಆತ ಊರಿಗೆ ಬಂದು ಹಾಕಿದರೆ ಸರಿಯಾಗಿ ಕೂತಿತು. ಅದು ಹೇಗೆ ಗೊತ್ತಾಯಿತೆಂದು ನಾನು ಕೇಳಿದೆ. "ಐದು ವರ್ಷ ಆಯ್ತು ಹೋಗಿ. ಫೋನಿನಲ್ಲಿ 'ಹಲೋ' ಹೇಳುವಾಗಲೇ ಸ್ವರ ದಪ್ಪ ಆಗಿತ್ತು" ಎಂದರು.

ಇಷ್ಟೆಲ್ಲ ಗುಣವಿದ್ದ ಮನುಷ್ಯನಿಗೆ ಒಂದು ದೋಷವೂ ಇತ್ತು. ಹೇಳಿದ ದಿನಕ್ಕೆ ಒಂದೇ ಒಂದು ಬಟ್ಟೆ ಕೊಟ್ಟವರಲ್ಲ. ಯಾವಾಗ ಕೇಳಿದರೂ "ಶುಕ್ರವಾರ ಬನ್ನಿ." ಯಾವ ಶುಕ್ರವಾರ ಎಂದು ಅವರು ಹೇಳುತ್ತಿರಲಿಲ್ಲ, ಹಳೆಯ ಗಿರಾಕಿಗಳು ಕೇಳುತ್ತಲೂ ಇರಲಿಲ್ಲ.

ನನಗೆ ಐವತ್ಮೂರು ವರ್ಷವಾಗಿದ್ದಾಗ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರ್ ಎಂದರು. ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ, ಪೆನ್ನು ಹಿಡಿದು ಕೇಳಿದರು, "ಇದಕ್ಕೆ ಮೊದಲು ನಿಮ್ಮ ಆರೋಗ್ಯ ಹೇಗಿತ್ತು?"

"ಬಂಡೆಕಲ್ಲಿನ ಹಾಗೆ" ಎಂದೆ.

"ಬಂಡೆಯಾ?" ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ. "ಆ ಬಂಡೆ ಪ್ರತಿ ಭಾನುವಾರ ಊಟ ಆದ ಮೇಲೆ ಗ್ಯಾಸಿನ ಮಾತ್ರೆ ನುಂಗ್ತಾ ಇತ್ತು ಡಾಕ್ಟ್ರೇ."

"ತೊಂದರೆ ಶುರುವಾಗಿ ಎಷ್ಟು ದಿನ ಆಯ್ತು?"

"ಎರಡು ವಾರ" ಎಂದೆ ನಾನು. "ಆರು ತಿಂಗಳು" ಎಂದಳು ಅವಳು. ಜೊತೆಗೆ ನಾರಾವಿಯಿಂದ ಬಂದಿದ್ದ ಅತ್ತೆ ಇಬ್ಬರನ್ನೂ ಸರಿಸಿ, "ಮದುವೆಯ ದಿನವೇ ಸಪೂರ ಇದ್ರು. ನಾನು ಆಗಲೇ ಹೇಳಿದ್ದೆ" ಎಂದರು.

ಡಾಕ್ಟರು ಬರೆಯುವುದು ನಿಲ್ಲಿಸಿ ನಕ್ಕರು. "ಮೂರೂ ಬರೆದುಕೊಳ್ತೇನೆ. ಈ ಕುರ್ಚಿಯಲ್ಲಿ ಕೂತವರಿಗೆ ಹಿಂದಿನದ್ದು ಇದ್ದ ಹಾಗೆ ನೆನಪಾಗುವುದು ಕಡಿಮೆ. ಕೆಲವರಿಗೆ ಮೊದಲು ಎಲ್ಲ ಚಂದವೇ ಇತ್ತು ಅಂತ ಕಾಣ್ತದೆ. ಕೆಲವರಿಗೆ ಹಿಂದೆ ಬಂದ ಕೆಮ್ಮು, ಸೀನು ಎಲ್ಲವೂ ಇದರದ್ದೇ ಗುರುತು ಅಂತ ಕಾಣ್ತದೆ."

ಅವರು ಹೇಳಿದ ಎರಡನೆಯ ಜಾತಿಯವರೆಲ್ಲ ನನ್ನನ್ನು ನೋಡಲು ಮನೆಗೆ ಬಂದರು. ಬಂಟ್ವಾಳದಿಂದ ಬಂದ ಅಕ್ಕ ಎರಡು ವರ್ಷದ ಹಿಂದಿನ ಗೃಹಪ್ರವೇಶದ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ, "ನೋಡು, ಇಲ್ಲಿ ನಿನ್ನ ಕಣ್ಣು ನೋಡು" ಎಂದು ಎಲ್ಲರಿಗೂ ತೋರಿಸಿದಳು. ಆ ಫೋಟೋದಲ್ಲಿ ನನ್ನ ಕಣ್ಣಿಗೆ ಹೋಮದ ಹೊಗೆ ಹೋಗಿತ್ತು. ವಿಟ್ಲದ ಚಿಕ್ಕಪ್ಪ, ಪ್ರವಾಸದಲ್ಲಿ ನಾನು ಮೂರನೆಯ ದೋಸೆ ಬೇಡವೆಂದಾಗಲೇ ಅವರಿಗೆ ಸಂಶಯ ಬಂದಿತ್ತೆಂದರು. ಎಲ್ಲರಿಗೂ ಆಗಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ.

ನಾನು ಮೊದಲನೆಯ ಜಾತಿ. ಆಪರೇಷನ್ ಆಯಿತು, ಆಮೇಲೆ ತಿಂಗಳುಗಟ್ಟಲೆ ಕೀಮೋ. ಮಲಗಿದಲ್ಲೇ ನನ್ನ ಹಳೆಯ ಆರೋಗ್ಯವನ್ನು ನೆನೆಯುತ್ತಿದ್ದೆ. ನೆನೆದಷ್ಟೂ ಅದು ಹೊಳೆಯುತ್ತಾ ಹೋಯಿತು. ಬೆಳ್ತಂಗಡಿಯ ಹತ್ತಿರದ ಗಡಾಯಿಕಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಮೊದಲು ತುದಿ ಮುಟ್ಟಿದವನು ನಾನು. ದಿನಕ್ಕೆ ಆರು ಪೀರಿಯಡ್ ನಿಂತೇ ಪಾಠ ಮಾಡಿದವನು ನಾನು. ಹೆಂಡತಿ ಕೇಳಿ ಕೇಳಿ ಸಾಕಾಗಿ, "ಗಡಾಯಿಕಲ್ಲಿನಲ್ಲಿ ನೀವು ಅರ್ಧದಲ್ಲಿ ಮಕ್ಕಳ ಚೀಲ ಕಾಯ್ತಾ ಕೂತದ್ದಲ್ವಾ? ನೀವೇ ಬಂದು ಹೇಳಿದ್ದು" ಎಂದಳು. ನನಗೆ ಸಿಟ್ಟು ಬಂತು. ಇರುವ ಆರೋಗ್ಯ ಹೋಯಿತು, ಇದ್ದ ಆರೋಗ್ಯವನ್ನೂ ಕಿತ್ತುಕೊಂಡರೆ ಹೇಗೆ?

ತಮಾಷೆಯಂತೆ ಬರೆಯುತ್ತಿದ್ದೇನೆ. ಆಗ ಅದು ತಮಾಷೆಯಾಗಿರಲಿಲ್ಲ. ಚಿಕಿತ್ಸೆ ಮುಗಿಯಿತು, ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದವು, ಇನ್ನು ಶಾಲೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದರು. ನನಗೆ ಮಾತ್ರ ನಾನು ಮುಗಿದೆ ಎಂದೇ ಅನಿಸುತ್ತಿತ್ತು. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ನಡೆದರೆ, ಹಿಂದೆ ನಲ್ವತ್ತು ಸುತ್ತು ನಡೆಯುತ್ತಿದ್ದವನು ಎದುರಿಗೆ ನಿಂತು ನಗುತ್ತಿದ್ದ. ಅವನ ಎದುರು ನಾನು ಯಾವ ಲೆಕ್ಕವೂ ಅಲ್ಲ. ರಜೆ ಮುಗಿಯುತ್ತಾ ಬಂತು. ಸೋಮವಾರ ಶಾಲೆಗೆ ಹಾಜರಾಗಬೇಕು, ಇಲ್ಲವಾದರೆ ಸ್ವಯಂ ನಿವೃತ್ತಿಯ ಅರ್ಜಿ ಕೊಡಬೇಕು. ಇನ್ನೂ ಏಳು ವರ್ಷದ ಸರ್ವಿಸು ಬಾಕಿ ಇತ್ತು. ಪಾಠ ಮಾಡುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಇಷ್ಟವೂ ಇಲ್ಲ. ಆದರೂ ಅರ್ಜಿ ಬರೆದೆ, ದಪ್ಪ ಕಾಗದದಲ್ಲಿ, ನನ್ನ ಅತ್ಯಂತ ಚಂದದ ಅಕ್ಷರದಲ್ಲಿ. ಹೆಂಡತಿಗೆ ಹೇಳಲಿಲ್ಲ. ಕವರಿಗೆ ಹಾಕಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಶನಿವಾರ ಬೆಳಿಗ್ಗೆ ಶಾಲೆಯ ಆಫೀಸಿಗೆ ಹೊರಟೆ.

ದಾರಿಯಲ್ಲೇ ಕಾಕನ ಅಂಗಡಿ. ಅಂಗಿಗಳೆಲ್ಲ ಮೈಮೇಲೆ ಜೋತಾಡುತ್ತಿದ್ದವು, ಹೊಸ ಎರಡು ಶರ್ಟಿಗೆ ಬಟ್ಟೆ ಕೊಡುವುದಿತ್ತು. ಮೆಟ್ಟಿಲು ಹತ್ತಿದೆ. ತಿರುವಿನಲ್ಲಿ ಕಿಟಕಿ ಹಿಡಿದು ನಿಂತೆ. ಕೆಳಗೆ ಬೆಳ್ತಂಗಡಿಗೆ ಹೋಗುವ ಬಸ್ಸು ಬಂದು, ಜನ ಹತ್ತಿ, ಹೊರಟು ಹೋಗುವವರೆಗೂ ನಿಂತೇ ಇದ್ದೆ.

ನಾನು ಮೇಲೆ ಹೋದಾಗ ಕಾಕ ಎದ್ದು ನಿಂತರು, ಹಾಗೆ ಅವರು ಯಾರಿಗೂ ಏಳುತ್ತಿರಲಿಲ್ಲ. ಕಣ್ಣು ಭುಜಕ್ಕೆ ಹೋಯಿತು, ಸೊಂಟಕ್ಕೆ ಇಳಿಯಿತು, ಆಮೇಲೆ ಮುಖಕ್ಕೆ ಬಂತು. ಬೆಂಚಿನಲ್ಲಿ ಕೂರಿಸಿ ನೀರು ಕೊಟ್ಟರು. ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಕಿಸೆ ಖಾಲಿ ಮಾಡಿ" ಎಂದರು.

ಪೆನ್ನು, ಕನ್ನಡಕದ ಪೆಟ್ಟಿಗೆ, ಕವರು ಮೇಜಿನ ಮೇಲೆ ಬಂದವು. ಕವರಿನ ಮೇಲೆ ನನ್ನದೇ ಅಕ್ಷರದಲ್ಲಿ ವಿಷಯ ಬರೆದಿತ್ತು. ಕಾಕ ಅದನ್ನು ಓದಿದರು, ಓದಲಿಲ್ಲವೆಂಬಂತೆ ಟೇಪು ಹಿಡಿದರು.

"ಎದೆ ಮೂವತ್ತೇಳು. ಸೊಂಟ ಮೂವತ್ಮೂರು."

"ನೋಡಿ ಕಾಕ" ಎಂದೆ. "ನಲ್ವತ್ತು ಇಂಚಿನ ಎದೆ ನನ್ನದು."

"ನಲ್ವತ್ತಾ? ಯಾರದ್ದು?"

"ನನ್ನದೇ! ನಾನು ಮೊದಲಿನ ಮನುಷ್ಯ ಅಲ್ಲ ಕಾಕ. ಶಾಲೆಯ ಬೆಳ್ಳಿಹಬ್ಬದ ಶರ್ಟಿಗೆ ನೀವು ಕಡೆಯ ಸಲ ಅಳತೆ ತೆಗೆದದ್ದು. ಆವತ್ತು ಅಳತೆ ಕೊಡ್ಲಿಕ್ಕೆ ಬರುವಾಗ ಇದೇ ಮೆಟ್ಲನ್ನು ಎರಡೆರಡು ಹಾರಿ ಬಂದವ ನಾನು. ಈಗ ಅರ್ಧದಲ್ಲಿ ಕಿಟಕಿ ಹಿಡಿದು ನಿಂತೆ. ಇನ್ನು ನಾನು ನಲ್ವತ್ತೈದು ನಿಮಿಷ ನಿಂತು ಎಂತ ಪಾಠ ಮಾಡುವುದು?"

ಕಾಕ ನನ್ನ ಮುಖವನ್ನೇ ನೋಡಿದರು. ಅವರ ಮೀಸೆಯ ತುದಿ ಸ್ವಲ್ಪ ಅಲುಗಿತು. ಅದು ನಗು ಎಂದು ನನಗೆ ಗೊತ್ತಾಯಿತು, ಈ ಹೊತ್ತಿನಲ್ಲಿ ನಗುವುದೆಂದರೇನು ಎಂದು ಬೇಸರವೂ ಆಯಿತು.

"ಯಾವ ಮೊದಲಿನ ಮನುಷ್ಯ?" ಎಂದರು. "ಅವರನ್ನು ಇಲ್ಲಿಗೇ ಕರೆಯುವ. ಪುಸ್ತಕದಲ್ಲಿ ಉಂಟು."

ಹಳೆಯ ಪುಸ್ತಕಗಳು ಒಳಗಿನ ಕೋಣೆಯಲ್ಲಿದ್ದವು. ಅವರು ಒಳಗೆ ಹೋದವರು ಬರಲೇ ಇಲ್ಲ. ಕೆಳಗಿನಿಂದ ನನಗೆ ಚಹಾ ಬಂತು, ಕುಡಿದು ಮುಗಿಯಿತು. ಬಟ್ಟೆ ಹೊಲಿದು ಕೊಡುವುದಕ್ಕೆ ತಿಂಗಳು ತೆಗೆದುಕೊಳ್ಳುವ ಮನುಷ್ಯ, ಪುಸ್ತಕ ಹುಡುಕಲು ಅರ್ಧ ಗಂಟೆಯಾದರೂ ಬೇಡವೇ ಎಂದುಕೊಂಡು ಕೂತೆ. ಕಡೆಗೆ ಧೂಳು ಕೊಡವುತ್ತಾ ಬಂದು ನನ್ನ ಪುಟ ತೆರೆದು ಎದುರಿಗೆ ಹಿಡಿದರು.

"ಓದಿ. ಗಟ್ಟಿಯಾಗಿ ಓದಿ, ಕ್ಲಾಸಿನಲ್ಲಿ ಓದುವ ಹಾಗೆ."

ಬೆಳ್ಳಿಹಬ್ಬದ ತಿಂಗಳ ತಾರೀಕು ಇತ್ತು. ಓದಿದೆ. "ಎದೆ ಮೂವತ್ತೆಂಟು. ಸೊಂಟ ಮೂವತ್ತಾರು. ಎಡಭುಜ ತಗ್ಗು." ಅದರ ಕೆಳಗೆ ಒಂದು ಸಾಲು. "ಮೆಟ್ಟಿಲಲ್ಲಿ ಎರಡು ಕಡೆ ನಿಂತರು. ಎರಡು ಗ್ಲಾಸು ನೀರು. ಏದುಸಿರು ಹೋದ ಮೇಲೆ ಎದೆ ಅಳೆದದ್ದು."

ನಾನು ಇನ್ನೊಮ್ಮೆ ಓದಿದೆ, ಈ ಸಲ ಮನಸ್ಸಿನಲ್ಲೇ.

"ಇದು ನಾನಾ?"

"ಪುಟದ ಮೇಲೆ ಹೆಸರು ಉಂಟಲ್ಲ. ಆವತ್ತು ಎರಡು ಕಡೆ ನಿಂತ್ರಿ. ಇವತ್ತು?"

"ಒಂದು ಕಡೆ."

"ಆವತ್ತು ಎರಡು ಗ್ಲಾಸು. ಇವತ್ತು?"

"ಒಂದು."

"ಮತ್ತೆ ಎಂತ ಮಾರಾಯ್ರೇ? ಆ ಎರಡು ಕಡೆ ನಿಂತ ಮನುಷ್ಯ ಆವತ್ತು ಶಾಲೆಗೆ ಹೋಗಿ ಪಾಠ ಮಾಡ್ಲಿಲ್ವಾ? ಬೆಳ್ಳಿಹಬ್ಬದಲ್ಲಿ ಒಂದು ಗಂಟೆ ಭಾಷಣ ಬೇರೆ ಮಾಡಿದ್ರು, ನಾನು ಕೂತು ಕೇಳಿದವ. ಅವರಿಗಿಂತ ನೀವು ಒಂದು ಕಡೆ ಮುಂದೆ ಇದ್ದೀರಿ."

ನಾಚಿಕೆಯಾಯಿತು. ಅದರ ಹಿಂದೆಯೇ, ತಿಂಗಳುಗಟ್ಟಲೆ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ನಲ್ವತ್ತು ಸುತ್ತು ನಡೆಯುತ್ತಿದ್ದವನು, ಗಡಾಯಿಕಲ್ಲಿನ ತುದಿ ಮುಟ್ಟಿದವನು, ಮೆಟ್ಟಿಲು ಹಾರಿದವನು ಎಲ್ಲೂ ಇರಲೇ ಇಲ್ಲ. ಇದ್ದವನು ಎರಡು ಕಡೆ ನಿಂತು ಏದುಸಿರು ಬಿಡುವ, ಎಡಭುಜ ತಗ್ಗಿದ ಒಬ್ಬ ಮಾಷ್ಟ್ರು. ಅವನ ಹತ್ತಿರಕ್ಕೆ ಮರಳುವುದು ಅಂಥ ಕಷ್ಟದ ಕೆಲಸವಲ್ಲ. ನನಗೆ ಅಳು ಬಂತು. ಕಾಕ ಕತ್ತರಿಸಿ ಉಳಿದಿದ್ದ ಒಂದು ಬಿಳಿ ಬಟ್ಟೆಯ ತುಂಡು ಕೊಟ್ಟು, ಕಿಟಕಿಯ ಕಡೆ ತಿರುಗಿ ನಿಂತರು.

ಕವರು ಎತ್ತಿಕೊಳ್ಳಲು ಹೋದರೆ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದರು.

"ಅದು ಇಲ್ಲಿಯೇ ಇರ್ಲಿ. ಶರ್ಟು ಕೊಡುವಾಗ ಒಟ್ಟಿಗೇ ಕೊಡ್ತೇನೆ. ಶುಕ್ರವಾರ ಬನ್ನಿ."

ಇನ್ನೊಂದು ಅರ್ಜಿ ಬರೆಯಲು ನನಗೆ ಹತ್ತು ನಿಮಿಷ ಸಾಕಿತ್ತು. ಬರೆಯಲಿಲ್ಲ. ಸೋಮವಾರ ಶಾಲೆಗೆ ಹೋದೆ. ಮೊದಲ ವಾರ ಕುರ್ಚಿಯಲ್ಲಿ ಕೂತು ಪಾಠ ಮಾಡಿದೆ, ಆಮೇಲೆ ಮೇಜಿಗೆ ಒರಗಿ, ಆಮೇಲೆ ನಿಂತು. ಸುಸ್ತಾದಾಗಲೆಲ್ಲ ಎರಡು ಕಡೆ ನಿಂತವನನ್ನು ನೆನೆದುಕೊಳ್ಳುತ್ತಿದ್ದೆ. ಅವನಿಗೂ ಸುಸ್ತಾಗುತ್ತಿತ್ತಲ್ಲ ಎಂದು ಧೈರ್ಯ ಬರುತ್ತಿತ್ತು.

ಶರ್ಟು ಸಿಕ್ಕಿದ್ದು ಹನ್ನೊಂದನೆಯ ಶುಕ್ರವಾರ. ಅಷ್ಟರೊಳಗೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನೂ ತಿದ್ದಿ ಮುಗಿಸಿದ್ದೆ. ಕವರು ಎಲ್ಲಿ ಎಂದು ಕೇಳಿದೆ, ಬೇಕೆಂದಲ್ಲ, ಸುಮ್ಮನೆ.

"ಓ, ಅದಾ? ಒಳ್ಳೆ ದಪ್ಪ ಕಾಗದ ಇತ್ತು" ಎಂದು ಗೋಡೆಯ ಮೊಳೆ ತೋರಿಸಿದರು. ಕಾಲರು ಕತ್ತರಿಸಲು ಇಟ್ಟುಕೊಳ್ಳುವ ಮಾದರಿ ಕಾಗದಗಳ ನಡುವೆ ಹೊಸದೊಂದು ನೇತಾಡುತ್ತಿತ್ತು. ಅದರ ಬಾಗಿದ ಅಂಚಿನಲ್ಲಿ ನನ್ನ ಚಂದದ ಅಕ್ಷರದಲ್ಲಿ "ಅನಾರೋಗ್ಯದ ಕಾರ" ಎಂಬಷ್ಟು ಉಳಿದಿತ್ತು. ಮಡಂತ್ಯಾರಿನ ಎಷ್ಟು ಜನರ ಕಾಲರು ಆ ಅಳತೆಯಲ್ಲಿ ಕತ್ತರಿಸಿದ್ದೋ ನನಗೆ ತಿಳಿಯದು.

ಆಮೇಲೆ ಏಳು ವರ್ಷ ಪಾಠ ಮಾಡಿದೆ. ವರ್ಷಕ್ಕೊಮ್ಮೆ ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರುವುದು, ಬಂದ ದಿನವೇ ಕಾಕನ ಬೆಂಚಿನಲ್ಲಿ ಕೂತು ನೀರು ಕುಡಿಯುವುದು ಅಭ್ಯಾಸವಾಯಿತು. ಹೊಸದಾಗಿ ಕಾಯಿಲೆ ಬಿದ್ದ ಯಾರಾದರೂ ಮೊದಲು ಹಾಗಿದ್ದೆ ಹೀಗಿದ್ದೆ ಎಂದು ಕಣ್ಣೀರಿಟ್ಟರೆ ನಾನು ಕಾಕನ ಪುಸ್ತಕದ ಕತೆ ಹೇಳುತ್ತಿದ್ದೆ. "ನಮ್ಮ ನೆನಪು ಹೇಳುವುದನ್ನು ನಂಬಬೇಡಿ, ಬರೆದಿಟ್ಟ ಆಧಾರ ನೋಡಿ" ಎನ್ನುತ್ತಿದ್ದೆ. ಇತಿಹಾಸದ ಮಾಷ್ಟ್ರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಎಲ್ಲಿ ಸಿಗಬೇಕು?

ಈ ತಿಂಗಳ ಕೊನೆಗೆ ನನ್ನ ನಿವೃತ್ತಿ. ಪೂರ್ತಿ ಸರ್ವಿಸು ಮುಗಿಸಿದ, ಹಾರ ತುರಾಯಿಯ ನಿವೃತ್ತಿ. ಬೀಳ್ಕೊಡುಗೆಗೆ ಹೊಸ ಶರ್ಟು ಬೇಕಿತ್ತು. ಕಾಕ ಇಲ್ಲದ ಅಂಗಡಿಗೆ ಹೋಗಲು ಮನಸ್ಸು ಹಿಂಜರಿಯಿತು, ಆದರೂ ಹೋದೆ. ಈಗ ಅಲ್ಲಿ ಕೂರುವವಳು ಅವರ ಮಗಳು. ನನ್ನ ಶಾಲೆಯಲ್ಲೇ ಓದಿದವಳು, ನನ್ನ ಕೈಯಲ್ಲಿ "ಆಧಾರ ಎಲ್ಲಿ?" ಎಂದು ಬೈಸಿಕೊಂಡವಳು. ಬೆಂಚು, ಸ್ಟೀಲ್ ಗ್ಲಾಸು, ನೀರು ಎಲ್ಲ ಅಪ್ಪನ ಕಾಲದ ಕ್ರಮದಲ್ಲೇ ನಡೆಯಿತು. ಕಿಸೆ ಖಾಲಿ ಮಾಡಿದೆ. ಅವಳು ಅಳತೆ ತೆಗೆದು, ಹಳೆಯದರ ಜೊತೆ ನೋಡಲು ಒಳಗಿನಿಂದ ಆ ಪುಸ್ತಕ ತಂದು ನನ್ನ ಪುಟ ಬಿಡಿಸಿದಳು. ಓದುತ್ತಾ ಓದುತ್ತಾ ಅವಳ ಹುಬ್ಬು ಗಂಟಿಕ್ಕಿತು.

"ಸರ್, ಇದೆಂತ ಇದು? 'ಮೆಟ್ಟಿಲಲ್ಲಿ ಎರಡು ಕಡೆ ನಿಂತರು'?"

"ಹೌದಮ್ಮ, ಅದು ನಾನೇ. ಬೆಳ್ಳಿಹಬ್ಬದ ವರ್ಷದ್ದು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಬೆಳ್ಳಿಹಬ್ಬದಲ್ಲಿ ನಾನು ಎಂಟನೇ ಕ್ಲಾಸು ಸರ್. ಡ್ಯಾನ್ಸಿಗೆ ನಮಗೆಲ್ಲ ಲಂಗ ಹೊಲಿದದ್ದು ಅಪ್ಪನೇ. ಕೆಳಗೆ, ಈಗ ಬೇಕರಿ ಉಂಟಲ್ಲ, ಅಲ್ಲಿ. ನಾವು ಮೇಲೆ ಬಂದದ್ದು ನನ್ನ ಟೆಂತ್ ಮುಗಿದ ಮೇಲೆ. ಮಷಿನಿನ ಹಲಗೆ ಹೊತ್ತದ್ದೇ ನಾನು." ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಆಗ ಮೆಟ್ಲು ಎಲ್ಲಿತ್ತು ಸರ್? ಮತ್ತೆ ನೋಡಿ, ಅಂಕಿ ಎಲ್ಲ ಇಂಕಿನಲ್ಲಿ ಉಂಟು. ಈ ಸಾಲು ಮಾತ್ರ ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಲ್ಲಿ."

ನಾನು ಬೆಂಚಿನಲ್ಲಿ ಕೂತುಬಿಟ್ಟೆ. ಆವತ್ತು ಒಳಗಿನ ಕೋಣೆಯಲ್ಲಿ ಅವರಿಗೆ ಅಷ್ಟು ಹೊತ್ತು ಏಕೆ ಬೇಕಾಯಿತೆಂದು ಈಗ ಗೊತ್ತಾಯಿತು. ಮೀಸೆ ಏಕೆ ಅಲುಗಿತೆಂದೂ ಗೊತ್ತಾಯಿತು. ಇಲ್ಲದ ಮೆಟ್ಟಿಲನ್ನು ಎರಡೆರಡು ಹಾರಿ ಬಂದೆನೆಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಆಗ ಅಂಗಡಿ ಕೆಳಗಿತ್ತು ಎಂದು ಅವರು ಒಂದು ಮಾತು ಹೇಳಿದ್ದರೆ ನನ್ನ ಸುಳ್ಳು ಅಲ್ಲಿಗೇ ಮುಗಿಯುತ್ತಿತ್ತು, ಆದರೆ ಅರ್ಜಿ ಕಿಸೆಗೆ ವಾಪಸು ಹೋಗುತ್ತಿತ್ತು. ಅದಕ್ಕೇ ಒಳಗೆ ಹೋಗಿ, ನನ್ನನ್ನು ಅದೇ ಇಲ್ಲದ ಮೆಟ್ಟಿಲಿನಲ್ಲಿ ಎರಡು ಕಡೆ ನಿಲ್ಲಿಸಿ, ಇಲ್ಲದ ಎರಡು ಗ್ಲಾಸು ನೀರನ್ನೂ ಕುಡಿಸಿದ್ದರು. ಮೂವತ್ತು ವರ್ಷ ಮಕ್ಕಳಿಂದ ಆಧಾರ ಕೇಳಿದವನು ಇಂಕು ಯಾವುದು, ಪೆನ್ಸಿಲು ಯಾವುದು ಎಂದು ನೋಡಲಿಲ್ಲ. ಹಾಗಾದರೆ ಕಾಯಿಲೆಗೆ ಮೊದಲು ನನ್ನ ಆರೋಗ್ಯ ಹೇಗಿತ್ತು? ನನಗೆ ಗೊತ್ತಿಲ್ಲ. ಗೊತ್ತಿದ್ದ ಒಬ್ಬರೇ ಒಬ್ಬರು ನನಗಾಗಿ ತಮ್ಮ ಪುಸ್ತಕವನ್ನು ಕೆಡಿಸಿಕೊಂಡರು.

ನಗು ಬಂತು, ತಡೆಯಲಾಗದಷ್ಟು ನಗು. ನಗುತ್ತಲೇ ಕಣ್ಣು ತುಂಬಿತು. ಹುಡುಗಿ ಗಾಬರಿಯಾಗಿ ಇನ್ನೊಂದು ಗ್ಲಾಸು ನೀರು ತಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಪ್ಪನ ಅಕ್ಷರದ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, "ಈ ಸಾಲು ಹೊಡೆದು ಹಾಕುವುದಾ ಸರ್?"

"ಬೇಡ, ಅದು ಇರ್ಲಿ. ಕೆಳಗೆ ಇವತ್ತಿನದ್ದು ಬರಿ. ಇಂಕಿನಲ್ಲಿ ಬರಿ."

ಅವಳು ಎದೆ, ಸೊಂಟ ಎಲ್ಲ ಬರೆದಳು. ಎಡಭುಜ ತಗ್ಗು ಎಂದೂ ಬರೆದಳು. ಆಮೇಲೆ ಪೆನ್ನು ಎತ್ತಿ, ಅಪ್ಪನದೇ ಗಂಭೀರ ಮುಖ ಮಾಡಿ, "ಇವತ್ತು ಮೆಟ್ಲಲ್ಲಿ ಎಷ್ಟು ಕಡೆ ನಿಂತ್ರಿ ಸರ್?" ಎಂದಳು.

ಎಲ್ಲಿಯೂ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಒಂದು ಕಡೆ" ಎಂದೆ. "ಕಿಟಕಿಯ ಹತ್ತಿರ. ಸರಿಯಾಗಿ ಬರೆದಿಡು. ಇನ್ನು ಹತ್ತು ವರ್ಷ ಬಿಟ್ಟು ನಾನು ಬಂದು, ನಿಲ್ಲದೆ ಹಾರಿಕೊಂಡು ಬಂದಿದ್ದೆ ಅಂತ ಹೇಳಿದ್ರೆ, ನೀನು ನನಗೆ ಈ ಪುಟ ತೋರಿಸ್ಬೇಕು."